ಸುರಪುರದ ಹಸಿರು

ರಸಾಯನಶಾಸ್ತ್ರದವರನ್ನೂ ಚಿತ್ರಕಲೆಯವರನ್ನೂ ಒಂದೇ ಕೋಣೆಗೆ ಹಾಕಬೇಡಿ ಅಂತ ಹಾಸ್ಟೆಲಿನ ವಾರ್ಡನ್ನಿಗೆ ಯಾರಾದರೂ ಒಂದು ಮಾತು ಹೇಳಿದ್ದರೆ ಸೌಭಾಗ್ಯಳ ಕಥೆ ಬೇರೆಯೇ ಆಗುತ್ತಿತ್ತು. ಯಾರೂ ಹೇಳಲಿಲ್ಲ. ಯಾದಗಿರಿಯ ಹೊರಗೆ ಬಂಡೆಗಳ ನಡುವೆ ಎದ್ದಿದ್ದ ಆ ವಿಶ್ವವಿದ್ಯಾಲಯಕ್ಕೆ ಬೇರೆ ಬೇರೆ ಕಟ್ಟಡ ಕಟ್ಟಿಸುವ ಯೋಗ ಇನ್ನೂ ಬಂದಿರಲಿಲ್ಲ. ಹೀಗಾಗಿ ತೊಗರಿಯ ಸೊರಗು ರೋಗಕ್ಕೆ ಮದ್ದು ಹುಡುಕುವವರು, ತತ್ವಪದಕ್ಕೆ ಹೊಸ ಧಾಟಿ ಕೂಡಿಸುವವರು, ಕಲ್ಲಿನ ವಯಸ್ಸು ಲೆಕ್ಕ ಹಾಕುವವರು, ಹಚ್ಚಿಕೊಂಡ ಗಡ್ಡ ಬಿಚ್ಚುವುದನ್ನೇ ಮರೆತು ಕ್ಯಾಂಟೀನಿಗೆ ಬರುವ ನಾಟಕದವರು, ಎಲ್ಲರೂ ಒಂದೇ ಸೂರಿನಡಿ ಇದ್ದರು. ಕೆಳಗಿನ ಪ್ರಯೋಗಾಲಯದ ಆ್ಯಸಿಡ್ ವಾಸನೆ ಮೇಲಿನ ಸಂಗೀತದವರ ಗಂಟಲು ಹಿಡಿಯುತ್ತಿತ್ತು, ಅವರ ಆಲಾಪ ಕೆಳಗಿನವರ ತಲೆ ತಿನ್ನುತ್ತಿತ್ತು. ದಿನಾ ಜಗಳ. ಸಂಜೆಗೆ ಅದೇ ಮಂದಿ ಒಂದೇ ಮೇಜಿಗೆ ಕೂತು ಮಂಡಕ್ಕಿ ಸುಸಲಾ ತಿನ್ನುತ್ತಿದ್ದರು.

ಸೌಭಾಗ್ಯ ಶಹಾಪುರದ ಕಿರಾಣಿ ವ್ಯಾಪಾರಿಯ ಮಗಳು. ಸುರಪುರದ ಅರಸರ ಕಾಲದ ಚಿತ್ರಗಳಿಗೆ ಯಾವ ಕಲ್ಲಿನಿಂದ, ಯಾವ ಗಿಡದಿಂದ ಬಣ್ಣ ತೆಗೆದಿದ್ದರು ಅನ್ನುವುದು ಅವಳ ಪಿಎಚ್‌ಡಿಯ ವಿಷಯ. ಬಣ್ಣದ ಮೇಲೆ ಕಿರಣ ಬಿಟ್ಟರೆ ಒಳಗೆ ಯಾವ ಲೋಹ ಅಡಗಿದೆ ಅಂತ ಹೇಳುವ ಯಂತ್ರವೊಂದು ಅವಳ ವಶದಲ್ಲಿತ್ತು. ಕೊರತೆ ಇದ್ದದ್ದು ಚಿತ್ರಗಳದ್ದು. ಹಳೆಯ ಮನೆತನದವರು ಚಿತ್ರವನ್ನು ಗೋಡೆಯಿಂದ ಇಳಿಸಲು ಕೂಡ ಒಪ್ಪುತ್ತಿರಲಿಲ್ಲ, ಇನ್ನು ಅದರಿಂದ ಬಣ್ಣದ ಚೂರು ಕೆರೆದುಕೊಳ್ಳಲು ಬಿಟ್ಟಾರೆಯೇ?

ಅವಳ ಕೋಣೆಯ ಗೆಳತಿ ಅಂಜನಾ ಸುರಪುರದವಳೇ, ತಾಲ್ಲೂಕು ಕಚೇರಿಯ ಜವಾನನ ಮಗಳು, ಚಿತ್ರಕಲೆಯ ವಿದ್ಯಾರ್ಥಿನಿ. ಅವಳ ಬೆರಳುಗಳಲ್ಲಿ ಏನೋ ಇತ್ತು. ಚಿನ್ನದ ರೇಕನ್ನು ಉಸಿರು ಬಿಗಿಹಿಡಿದು ಕಾಗದಕ್ಕೆ ಅಂಟಿಸುವಾಗ ಸೌಭಾಗ್ಯ ತನ್ನ ಓದು ಬಿಟ್ಟು ನೋಡುತ್ತ ಕೂರುತ್ತಿದ್ದಳು.

"ಹಳೇ ಚಿತ್ರ ಯಾವುದು ಹೊಸದು ಯಾವುದು, ನೀ ಹೆಂಗ ಹಿಡೀತಿ?" ಅಂತ ಅಂಜನಾ ಒಂದು ದಿನ ಕೇಳಿದಳು.

"ಮೊದ್ಲ ಬಿಳಿ ನೋಡ್ತೀನಿ. ಈಗಿನ ಬಿಳಿಯೊಳಗ ಟೈಟಾನಿಯಂ ಇರ್ತದ. ಹಳೇ ಮಂದಿ ಶಂಖ ಅರೀತಿದ್ರು. ಕೆಂಪಿಗೆ ಇಂಗಳೀಕದ ಕಲ್ಲು, ಹಳದಿಗೆ ಹರದಾಳದ ಕಲ್ಲು. ಅಂಗಡಿ ಬಣ್ಣ ಒಂದು ಚುಕ್ಕಿ ಇದ್ರೂ ನನ್ನ ಯಂತ್ರ ಬಿಡಂಗಿಲ್ಲ."

"ಮತ್ತ ಹಾಳಿ?"

"ಹಾಳಿ ಹಳೇದೇ ಇರಬೇಕು. ಅದೇನ್ ಸಿಗ್ತದ ಬಿಡು, ಆದ್ರ ಅದರ ಮ್ಯಾಲ ಆ ಕಾಲದ ಬಣ್ಣ ಎಲ್ಲಿಂದ ತರ್ತಾರ?"

ಅಂಜನಾ ಕೇಳುತ್ತಲೇ ಹೋದಳು, ಸೌಭಾಗ್ಯ ಹೇಳುತ್ತಲೇ ಹೋದಳು. ಶಹಾಪುರದ ಮನೆಯಲ್ಲಿ ಅವಳ ಓದಿನ ಬಗ್ಗೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಇದು ಯಾವಾಗ ಮುಗಿಯುತ್ತದೆ ಅಂತ. ಇಲ್ಲಿ ಒಬ್ಬಳು ಕಣ್ಣರಳಿಸಿ ಕೂತು, ಅದು ಹೇಗೆ, ಇದು ಹೇಗೆ ಅಂತ ಬಾಯಿ ತುಂಬ ಕೇಳುತ್ತಿದ್ದಳು. ಇಂಥ ಗೆಳತಿ ಸಿಗಲು ಪುಣ್ಯ ಮಾಡಿರಬೇಕು ಅಂದುಕೊಂಡಳು ಸೌಭಾಗ್ಯ. ನಿಜವಾಗಿಯೂ ಹಾಗೆಯೇ ಅಂದುಕೊಂಡಳು.

ಮುಂದಿನ ದೀಪಾವಳಿ ರಜೆ ಮುಗಿಸಿ ಬಂದ ಅಂಜನಾ, "ನಮ್ಮಜ್ಜಿ ಟ್ರಂಕಿನ್ಯಾಗ ಒಂದು ಚಿತ್ರ ಅದ. ಗಿಳಿ ಹಿಡಕೊಂಡ ಹೆಣ್ಮಗಳು. ಬಂದು ನೋಡ್ತೀಯೇನು?" ಅಂದಳು. ನೋಡ್ತೀಯೇನು ಅಂತ ಕೇಳುವ ಮಾತೇ ಅದು?

ಸೌಭಾಗ್ಯಳ ಮಾರ್ಗದರ್ಶಕರು ಜಗದೇವಪ್ಪ ಸರ್. ಹೊರಡುವ ಮೊದಲು ಅವರು ಕರೆದು ಹೇಳಿದರು: "ಚಿತ್ರ ಅವರ ಮನಿಗೆ ಹೆಂಗ ಬಂತು, ಕೇಳು. ಅವರೊಬ್ಬರನ್ನೇ ಕೇಳಿ ಬಿಡಬ್ಯಾಡ. ಓಣ್ಯಾಗ ಮತ್ತೊಬ್ಬ ಹಿರೇರನ್ನ ಕೇಳು. ಯಂತ್ರ ಬಣ್ಣ ಹೇಳ್ತದ, ಮನಿತನ ಹೇಳಂಗಿಲ್ಲ."

ಸುರಪುರದ ಆ ಮನೆಯಲ್ಲಿ ಅಂಜನಾಳ ಅಜ್ಜಿ ಭೀಮವ್ವ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ಬಡಿಬಡಿದು ಹಾಕಿದಳು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಬೆಣ್ಣೆ. ಸಾಕು ಅಂದರೂ ಬಿಡಲಿಲ್ಲ. "ಅಂಜನಾ ಬ್ಯಾರಿ ಅಲ್ಲ, ನೀ ಬ್ಯಾರಿ ಅಲ್ಲ, ಉಣ್ಣು" ಅಂದಳು. ಊಟ ಆದ ಮೇಲೆ ಟ್ರಂಕಿನಿಂದ ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಚಿತ್ರ ತೆಗೆದಳು.

"ಇದು ನನ್ನ ಮದುವ್ಯಾಗ ನಮ್ಮತ್ತಿ ಕೊಟ್ಟಿದ್ದು. ಆಕಿಗೆ ಆಕಿ ಅತ್ತಿ ಕೊಟ್ಟಿದ್ದಂತ." ಹೇಳುವಾಗ ಮುದುಕಿ ನಡುನಡುವೆ ಮೊಮ್ಮಗಳ ಕಡೆ ನೋಡುತ್ತಿದ್ದಳು. ಹೊಸಬರ ಮುಂದೆ ಮಾತಾಡಲು ನಾಚಿಕೆ ಇರಬೇಕು ಅಂದುಕೊಂಡಳು ಸೌಭಾಗ್ಯ.

ಸರ್ ಹೇಳಿದ ಮಾತು ನೆನಪಿಲ್ಲದೆ ಇರಲಿಲ್ಲ. ಆದರೆ ಉಂಡ ತಾಟು ಇನ್ನೂ ಎದುರಿಗೇ ಇತ್ತು. ಅನ್ನ ಹಾಕಿದ ಹಿರಿಯಳನ್ನು ಬಿಟ್ಟು ಪಕ್ಕದ ಮನೆಗೆ ಹೋಗಿ, ಈಕೆ ಹೇಳುವುದು ಖರೆಯೇ ಅಂತ ವಿಚಾರಿಸುವುದು ಹೇಗೆ? ಹಾಗೆ ಮಾಡಿದವಳನ್ನು ಶಹಾಪುರದಲ್ಲಿ ಹೆತ್ತವರು ಬುದ್ಧಿ ಕಲಿಸದ ಹುಡುಗಿ ಅನ್ನುತ್ತಾರೆ. ಸೌಭಾಗ್ಯ ಯಾರನ್ನೂ ಕೇಳಲಿಲ್ಲ. ಅಜ್ಜಿ ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು, ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಚಿತ್ರ ತೆಗೆದುಕೊಂಡು ಬಂದಳು.

ಯಂತ್ರ ಅವಳ ಕೈ ಬಿಡಲಿಲ್ಲ. ಶಂಖದ ಬಿಳಿ, ಇಂಗಳೀಕದ ಕೆಂಪು, ಹರದಾಳದ ಹಳದಿ, ಎಲ್ಲವೂ ಹಳೆಯವೇ. ಗಿಳಿಯ ರೆಕ್ಕೆಗೆ ಬಂದಾಗ ಮಾತ್ರ ಅವಳು ಅದೇ ಜಾಗಕ್ಕೆ ಇನ್ನೊಮ್ಮೆ ಕಿರಣ ಬಿಟ್ಟು ನೋಡಿದಳು. ಹಸಿರಿನ ಅಡಿಯಲ್ಲಿ ಕೆಂಪಿನ ಪದರ ಇತ್ತು! ಕೆಂಪು ಬಳಿದು ಒಣಗಿಸಿ, ಅದರ ಮೇಲೆ ಹಸಿರು ಹಚ್ಚಿದ್ದರು. ಹಸಿರಿಗೆ ಆ ಆಳ, ಆ ಮಿರುಗು ಬಂದದ್ದೇ ಅದರಿಂದ. ಅವಳು ನೋಡಿದ ಬೇರೆ ಯಾವ ಚಿತ್ರದಲ್ಲೂ ಇದು ಇರಲಿಲ್ಲ. ಇದು ಸುರಪುರದವರು ತಾವೇ ಕಂಡುಕೊಂಡ ಜಾಣತನ ಅಂತ ಬರೆದಳು. ಅದಕ್ಕೆ ಸುರಪುರದ ಹಸಿರು ಅಂತ ಹೆಸರನ್ನೂ ಇಟ್ಟಳು. ಪ್ರಬಂಧದ ಒಂದು ಇಡೀ ಅಧ್ಯಾಯ ಅದರ ಮೇಲೆಯೇ ನಿಂತಿತು. ಜಗದೇವಪ್ಪ ಸರ್ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, ಅದನ್ನು ಲೇಖನವಾಗಿ ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದರು. ಲೇಖನ ಒಪ್ಪಿಗೆಯಾಯಿತು. ಆ ಸಂಜೆ ಅಂಜನಾ ಅವಳನ್ನು ತಬ್ಬಿಕೊಂಡು ಕುಣಿದಳು. ಅವಳ ಸಂತೋಷ ಸುಳ್ಳಾಗಿರಲಿಲ್ಲ, ಅದನ್ನೂ ಹೇಳಿಬಿಡಬೇಕು.

ಫೆಬ್ರುವರಿಯಲ್ಲಿ ವಿಶ್ವವಿದ್ಯಾಲಯದ ಉತ್ಸವ. ವರ್ಷವಿಡೀ ಮಾಡಿದ್ದನ್ನು ಎಲ್ಲ ವಿಭಾಗದವರೂ ಹೊರಗೆ ಹರವುವ ಹೊತ್ತು. ಒಂದು ಕಡೆ ತೊಗರಿಯ ಸಸಿಗಳು ಕುಂಡದಲ್ಲಿ, ಇನ್ನೊಂದು ಕಡೆ ಡೊಳ್ಳು. ಮೊದಲ ದಿನ ಸೌಭಾಗ್ಯ ಸಭಾಂಗಣದಲ್ಲಿ ತನ್ನ ಸುರಪುರದ ಹಸಿರಿನ ಬಗ್ಗೆ ಮಾತಾಡಿದಳು. ಚಪ್ಪಾಳೆ ಬಿತ್ತು. ಹೊರಗಿನಿಂದ ಬಂದ ಪ್ರೊಫೆಸರರು ಹೆಸರು ಕೇಳಿಕೊಂಡು ಹೋದರು.

ಕೊನೆಯ ದಿನ ಅವಳು ಚಿತ್ರಕಲೆಯವರ ಕೋಣೆಗೆ ಹೋದಳು. ಅಂಜನಾಳ ಕೆಲಸ ನೋಡಲು. ಏನು ಮಾಡಿದ್ದೀ ಅಂತ ಕೇಳಿದಾಗಲೆಲ್ಲ ಆಕೆ ನಕ್ಕು, ಬಂದು ನೋಡು ಅನ್ನುತ್ತಿದ್ದಳು.

ಗೋಡೆಯ ಮೇಲೆ ಗಿಳಿ ಹಿಡಿದ ಹೆಣ್ಣುಮಗಳು ಇದ್ದಳು, ಪರೀಕ್ಷೆ ಮುಗಿಸಿ ಅಜ್ಜಿಗೆ ಮುಟ್ಟಿಸು ಅಂತ ಸೌಭಾಗ್ಯ ಅಂಜನಾಳ ಕೈಗೆ ಕೊಟ್ಟಿದ್ದ ಅದೇ ಚಿತ್ರ. ಪಕ್ಕದಲ್ಲಿ ಸೌಭಾಗ್ಯಳ ಲೇಖನ, ದೊಡ್ಡದಾಗಿ ಅಚ್ಚು ಹಾಕಿಸಿದ್ದು. ಇನ್ನೊಂದು ಪಕ್ಕ ಪರದೆ. ಪರದೆಯಲ್ಲಿ ಅಂಜನಾಳ ಕೈಗಳು ರದ್ದಿ ಅಂಗಡಿಯಿಂದ ತಂದ ಹಳೆಯ ಖಾಲಿ ಹಾಳೆಯ ಮೇಲೆ ಅದೇ ಹೆಣ್ಣುಮಗಳನ್ನು ಬರೆಯುತ್ತಿದ್ದವು. ಶಂಖ ಅರೆಯುತ್ತಿದ್ದವು. ಹಿಂದೆ ಸೌಭಾಗ್ಯಳ ದನಿ: "ಅಂಗಡಿ ಬಣ್ಣ ಒಂದು ಚುಕ್ಕಿ ಇದ್ರೂ ನನ್ನ ಯಂತ್ರ ಬಿಡಂಗಿಲ್ಲ." ಎಲ್ಲಕ್ಕೂ ಮೇಲೆ ಕೃತಿಯ ಹೆಸರು ಬರೆದಿತ್ತು: ನಂಬಿಕೆಯ ವಯಸ್ಸೆಷ್ಟು?

ಕೋಣೆಯ ಮಂಚದ ಮೇಲೆ ಮಲಗಿ ಆಡಿದ ಮಾತು ಅದು. ಆವತ್ತೇ ರೆಕಾರ್ಡ್ ಮಾಡಿಕೊಂಡಿದ್ದಾಳೆ ಅಂದರೆ ಆವತ್ತೇ ಎಲ್ಲ ನಿಶ್ಚಯವಾಗಿತ್ತು.

ಅಂಜನಾ ಬಂದ ಅತಿಥಿಗಳಿಗೆ ವಿವರಿಸುತ್ತಿದ್ದಳು. ಯಾರೋ ಗಿಳಿಯ ರೆಕ್ಕೆಯ ಕೆಂಪು ಪದರದ ಬಗ್ಗೆ ಕೇಳಿದರು. "ಅದಾ? ಮೊದ್ಲ ನಾ ಅಲ್ಲಿ ಕೆಂಪು ಸೆರಗು ಬರದಿದ್ದೆ ರೀ. ಛಲೋ ಆಗಲಿಲ್ಲ. ತಪ್ಪು ಮುಚ್ಚಾಕ ಅದರ ಮ್ಯಾಲೇ ಗಿಳಿ ಬರದೆ" ಅಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಹೊರಗಿನ ಪ್ರೊಫೆಸರರೂ ನಕ್ಕರು. ಆಗ ಅಂಜನಾ ಬಾಗಿಲಲ್ಲಿದ್ದ ಸೌಭಾಗ್ಯಳನ್ನು ನೋಡಿ ಓಡಿ ಬಂದು ಕೈ ಹಿಡಿದಳು. "ಇಕಿನೇ ರೀ ಸೌಭಾಗ್ಯ. ಇಕಿ ಇಲ್ಲದಿದ್ರ ಈ ಕೃತಿನೇ ಇಲ್ಲ."

ಜನ ಚಪ್ಪಾಳೆ ತಟ್ಟಿದರು. ಸೌಭಾಗ್ಯ ಕೈ ಕಿತ್ತುಕೊಂಡಳು.

"ನನಗ ಒಂದು ಮಾತು ಹೇಳಬೇಕಂತ ಅನಸಲಿಲ್ಲೇನು ನಿನಗ?"

"ಹೇಳಿದ್ರ ಅದು ಖರೇ ನಂಬಿಕಿ ಹೆಂಗಾಗ್ತಿತ್ತು?" ಅಂಜನಾಳಿಗೆ ಆಶ್ಚರ್ಯವೇ ಆಗಿತ್ತು. "ಇದು ನಿನ್ನ ಮ್ಯಾಲ ಅಲ್ಲಲೇ, ನಂಬಿಕಿ ಮ್ಯಾಲ ಮಾಡಿದ್ದು. ನೀ ಹಿಂಗ ಮನಸಿಗೆ ಹಚಗೋತಿ ಅಂತ ಗೊತ್ತಿರಲಿಲ್ಲ."

ಗೊತ್ತಿರಲಿಲ್ಲವಂತೆ. ಇನ್ನೂರು ವರ್ಷ ಹಿಂದಿನ ಕೈಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಅನುಕರಿಸಿದವಳಿಗೆ ಎರಡು ಮೊಳ ದೂರದ ಮಂಚದಲ್ಲಿ ಮಲಗುವವಳ ಮನಸ್ಸು ಗೊತ್ತಿರಲಿಲ್ಲ.

ಜಗದೇವಪ್ಪ ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲೇಖನ ಹಿಂದಕ್ಕೆ ತೆಗೆದುಕೊಳ್ಳಬೇಕು, ಆ ಅಧ್ಯಾಯ ಹೋಯಿತು, ಉಳಿದ ಚಿತ್ರಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡಬೇಕು ಅಂತ ಮೆಲ್ಲಗೆ ಹೇಳಿದರು. ಆಮೇಲೆ, "ಓಣ್ಯಾಗ ಮತ್ತೊಬ್ಬರನ್ನ ಕೇಳಿದ್ಯಾ?" ಅಂದರು. ಅಂಜನಾಳ ಕೃತಿಗೆ ಉತ್ಸವದ ಮೊದಲ ಬಹುಮಾನ ಬಂತು.

ಮರುದಿನ ಸೌಭಾಗ್ಯ ಸುರಪುರದ ಬಸ್ಸು ಹತ್ತಿದಳು. ಶಹಾಪುರದಲ್ಲಿ ಬಸ್ಸು ನಿಂತರೂ ಇಳಿಯಲಿಲ್ಲ, ತಂದೆಯ ಅಂಗಡಿಯ ಕಡೆ ನೋಡಲೂ ಇಲ್ಲ. ಮೊಮ್ಮಗಳ ಮೇಲಿನ ಸಿಟ್ಟಿಗಿಂತ ಮುದುಕಿಯ ಮೇಲಿನ ಸಿಟ್ಟು ಈಗ ದೊಡ್ಡದಾಗಿತ್ತು. ಹುಡುಗಿ ಏನೋ ಕಲೆ ಅಂದಳು, ನಂಬಿಕೆ ಅಂದಳು, ಹಾಳಾಗಿ ಹೋಗಲಿ. ಕೈಯಾರೆ ರೊಟ್ಟಿ ಬಡಿದು ಬೆಣ್ಣೆ ಹಾಕಿ ಉಣಿಸಿ, ಆ ಬಾಯಲ್ಲೇ ಸುಳ್ಳು ಹೇಳುವುದುಂಟೆ? ಅದನ್ನು ಮುಖಕ್ಕೆ ಮುಖ ಕೊಟ್ಟು ಕೇಳದೆ ಅವಳಿಗೆ ನೀರೂ ಇಳಿಯುವಂತಿರಲಿಲ್ಲ.

ಭೀಮವ್ವ ಕಟ್ಟೆಯ ಮೇಲೆ ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದಳು. "ಬಾ ಬೇ ಯವ್ವಾ, ಒಬ್ಬಾಕಿನೇ ಬಂದಿ? ಅಂಜನಾ ಬರಲಿಲ್ಲೇನು?"

ಸೌಭಾಗ್ಯ ಮೆಟ್ಟಿಲು ಹತ್ತಲಿಲ್ಲ. "ಅಜ್ಜೀ, ಆ ಚಿತ್ರ ನಿಮ್ಮತ್ತಿ ಕೊಟ್ಟಿದ್ದು ಅಂದ್ರಿ. ಯಾಕ ಸುಳ್ಳು ಹೇಳಿದ್ರಿ?"

ಮುದುಕಿ ಗಾಬರಿಯಿಂದ ಓಣಿಯ ಆ ಕಡೆ ಈ ಕಡೆ ನೋಡಿದಳು. "ಮೆಲ್ಲಕ ಮಾತಾಡ! ಯಾರರೆ ಕೇಳಿಸಿಕೊಂಡ್ರ ನಿನಗ ತ್ರಾಸ ಆಗಂಗಿಲ್ಲೇನು?"

"ನನಗ?"

"ಮತ್ತ ನೀನೇ ಹೇಳಿ ಕಳಿಸಿದ್ದಿಯಲ್ಲ. ಅಂಜನಾ ಅಂದಳು, ಅಜ್ಜಿ, ಸೌಭಾಗ್ಯನ ದೊಡ್ಡ ಪರೀಕ್ಷಿ ಅದ, ಹಳೇ ಚಿತ್ರ ಸಿಗಲಿಲ್ಲಂದ್ರ ಅಕಿ ಫೇಲಾಗ್ತಾಳ, ನಿನ್ನ ಮುಂದ ಬಾಯಿಬಿಟ್ಟು ಕೇಳಾಕ ಅಕಿಗೆ ನಾಚಿಕಿ. ನೀ ಸುಮ್ನ ಹಿಂಗ ಹೇಳು, ಅಕಿ ಬರಕೋತಾಳ ಅಂತ." ಭೀಮವ್ವ ಮೊರ ಕೆಳಗಿಟ್ಟಳು. "ಸತ್ತ ಅತ್ತಿ ಹೆಸರ ಮ್ಯಾಲ ಸುಳ್ಳು ಹೇಳಾಕ ನನಗ ಮನಸಿರಲಿಲ್ಲ. ಆಮ್ಯಾಲ ನಿನ್ನ ಮಾರಿ ನೋಡಿದೆ. ಹಸದ ಮಾರಿ. ಹೇಳಿಬಿಟ್ಟೆ."

ಸೌಭಾಗ್ಯ ಮೆಟ್ಟಿಲ ಮೇಲೆ ಕೂತಳು. ಅಂಜನಾ ತನಗೊಬ್ಬಳಿಗೇ ಮೋಸ ಮಾಡಿದ್ದಾಳೆ ಅಂದುಕೊಂಡಿದ್ದಳು.

"ಹೋಗ್ಲಿ ಬಿಡು," ಅಂದಳು ಭೀಮವ್ವ, ಪಕ್ಕಕ್ಕೆ ಸರಿದು ಬಂದು. "ಪಾಸಾದ್ಯೋ ಇಲ್ಲೋ, ಅಷ್ಟ ಹೇಳು."

ಆದೆ ಅಜ್ಜಿ ಅಂದುಬಿಡಬಹುದಿತ್ತು. ಮುದುಕಿ ಹಿಗ್ಗಿ ಒಲೆ ಹಚ್ಚುತ್ತಿದ್ದಳು. ಆದರೆ ಆ ಚಿತ್ರದ ಸಲುವಾಗಿ ಇನ್ನೊಂದು ಸುಳ್ಳು ಹೇಳಲು ಸೌಭಾಗ್ಯಳಿಗೆ ನಾಲಿಗೆ ಏಳಲಿಲ್ಲ.

"ಅಂಜನಾ ಪಾಸಾದಳು ಅಜ್ಜಿ. ಬಹುಮಾನನೂ ಬಂತು. ನಾ ಆಗಲಿಲ್ಲ."

ಭೀಮವ್ವ, ಮೊಮ್ಮಗಳು ಏನು ಮಾಡಿದಳು ಅಂತ ಒಂದು ಮಾತೂ ಕೇಳಲಿಲ್ಲ.

"ನಾ ಅಕಿ ಸಲುವಾಗಿ ಹೇಳಿದ್ದಿಲ್ಲಲ್ಲ ಬೇ," ಅಂದಳು. "ನಿನ್ನ ಸಲುವಾಗಿ ಹೇಳಿದ್ದೆ."