ರಾದೊಯೆಯ ಕಣ್ಣಿಗೆ ನೀಲಿ

"ಮೊದಲು ಆ ಕುಂಚ ಕೆಳಗಿಡಿ!" ಕಾರಿನ ಬಾಗಿಲನ್ನೂ ಮುಚ್ಚದೆ ಮ್ಯೂಸಿಯಂನ ದೊಬ್ರಿಲಾ ಓಡಿಬಂದಳು.

ಮಿಲಿಸಾವ್‌ನ ಕುಂಚ ಕಲ್ಲಿನ ಸೈನಿಕನ ಕಣ್ಣಿನಿಂದ ಎರಡು ಬೆರಳು ದೂರದಲ್ಲಿ ನಿಂತಿತು. ಚಾಚಕ್ ಪಟ್ಟಣಕ್ಕೆ ಹೋಗುವ ರಸ್ತೆಯ ಅಂಚಿನ ಈ ಆಳೆತ್ತರದ ಕಲ್ಲನ್ನು ಇಪ್ಪತ್ತು ವರ್ಷದ ಹಿಂದೆ ಕಡೆದು ಬಣ್ಣ ಹಚ್ಚಿದವನು ಅವನೇ. ಯುದ್ಧಕ್ಕೆ ಹೋದ ರಾದೊಯೆಯ ಹೆಣ ಊರಿಗೆ ಬರಲಿಲ್ಲ. ಅಂಥವರ ಕಲ್ಲು ನಿಲ್ಲುವುದು ದಾರಿಯ ಬದಿಗೆ; ಹಾದುಹೋಗುವವರು ನಿಂತು ಹೆಸರನ್ನು ಗಟ್ಟಿಯಾಗಿ ಓದಬೇಕು. ಪ್ರತಿವರ್ಷ ಸತ್ತವರನ್ನು ನೆನೆಯುವ ಶನಿವಾರ ಅವನ ತಾಯಿ ಸ್ತಮೆಂಕಾ ದಾರಿಹೋಕರಿಗೆ ಹಂಚಲು ಬೇಯಿಸಿದ ಗೋಧಿ ತರುತ್ತಿದ್ದಳು, ಮಿಲಿಸಾವ್ ಬಣ್ಣ ತರುತ್ತಿದ್ದ. ಕೈನಡುಕ ಶುರುವಾಗಿ ನಾಲ್ಕು ವರ್ಷ ಅವನು ಬಂದಿರಲಿಲ್ಲ. ಅಷ್ಟರಲ್ಲಿ ಮಳೆ ಕಣ್ಣುಗಳ ನೀಲಿಯನ್ನು ಪೂರ್ತಿ ತೊಳೆದುಬಿಟ್ಟಿತ್ತು. ಇವತ್ತು ಮತ್ತೆ ಆ ಶನಿವಾರ; ಇಬ್ಬರೂ ಬಂದಿದ್ದರು.

"ಹೀಗೇ ಇರಲಿ. ಒಂದು ಹನಿ ಹೊಸ ಬಣ್ಣ ಬಿದ್ರೂ ನಮ್ಮ ಮ್ಯೂಸಿಯಂನವರು ಬೇಡ ಅಂತಾರೆ," ಎಂದಳು ದೊಬ್ರಿಲಾ. "ಬೆಲ್‌ಗ್ರೇಡಲ್ಲಿ ಒಂದು ಇಡೀ ಕೋಣೆ, ನಿಮ್ಮ ಹೆಸರಲ್ಲಿ. ನಡುವೆ ಈ ಕಲ್ಲು, ಸುತ್ತ ನಿಮ್ಮ ಚಿತ್ರಗಳು."

ಪ್ಯಾರಿಸ್ಸಿನಲ್ಲಿ ಚಿತ್ರಕಲೆ ಕಲಿತು ಮರಳಿದ ಮೇಲೆ ಅವನು ಬರೆದ ಚಿತ್ರಗಳೆಲ್ಲ ಕೊಟ್ಟಿಗೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದವು. ಎಪ್ಪತ್ತು ತುಂಬಿದ ಮೇಲೆ ಮೊದಲ ಸಲ ಯಾರೋ ಕರೆಯುತ್ತಿದ್ದರು. ಮಿಲಿಸಾವ್ ಸ್ತಮೆಂಕಾಳತ್ತ ತಿರುಗಿದ.

"ಅಕ್ಕಾ, ನಿನಗೆ ಇಂಥದ್ದೇ ಹೊಸದು ಕಡೆದುಕೊಡ್ತೀನಿ."

"ಹೊಸದನ್ನ ಅವಳಿಗೆ ಕೊಡೋ," ಎಂದಳು ಸ್ತಮೆಂಕಾ.

"ಇಲ್ಲ ಅಜ್ಜಿ, ನಮಗೆ ಹಳೇದೇ ಬೇಕು."

"ಹಾಗಾದ್ರೆ ನನ್ನನ್ನ ಕರ್ಕೊಂಡು ಹೋಗೇ. ಎಂಬತ್ತೆರಡಾಯ್ತು, ಬಾಯಲ್ಲಿ ಒಂದು ಹಲ್ಲಿಲ್ಲ. ನಾನೇನು ಕಡಿಮೆ ಮಳೆ ಕಂಡಿದೀನಾ?"

ದೊಬ್ರಿಲಾ ನಕ್ಕಳು. ಮುದುಕಿ ನಗಲಿಲ್ಲ.

"ಕಡೆದೋನು ನೀನು ತಮ್ಮಾ, ನಿನ್ನಿಷ್ಟ. ಕಳಿಸು ಅಂದ್ರೆ ಕಳಿಸ್ತೀನಿ."

ಎಲೆಕೋಸು ತುಂಬಿದ ಲಾರಿಯೊಂದು ಬಂದು ನಿಂತಿತು. ಚಾಲಕ ಇಳಿದು ಟೋಪಿ ತೆಗೆದ. "ರಾದೊಯೆ ವುಕೊಸಾವ್ಲ್ಯೆವಿಚ್. ಇಪ್ಪತ್ತೆರಡು ವರ್ಷ," ಎಂದು ರಸ್ತೆಯಾಚೆಗೂ ಕೇಳುವಂತೆ ಓದಿದ. ಸ್ತಮೆಂಕಾ ಕೊಟ್ಟ ಒಂದು ಚಮಚ ಗೋಧಿ ತಿಂದು, ಬಾಯಿ ಒರೆಸಿಕೊಳ್ಳುತ್ತ ಕಲ್ಲಿನ ಮುಖವನ್ನೇ ನೋಡಿದ.

"ಪಾಪ, ಹುಡುಗನಿಗೆ ಕಣ್ಣೇ ಇಲ್ವಲ್ಲಮ್ಮ."

ಲಾರಿ ಹೊರಟುಹೋಯಿತು. ದೊಬ್ರಿಲಾ ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿ, ಪೆನ್ನಿನ ಮುಚ್ಚಳ ತೆಗೆದು ಅವನತ್ತ ಚಾಚಿದಳು.

"ಇಲ್ಲೊಂದು ಸಹಿ ಹಾಕಿ ಸಾಕು. ಉಳಿದದ್ದೆಲ್ಲ ನಾವು ನೋಡ್ಕೋತೀವಿ."

"ಹಾಕಲ್ಲ," ಎಂದ ಮಿಲಿಸಾವ್, ಕುಂಚವನ್ನು ನೀಲಿ ಬಣ್ಣಕ್ಕೆ ಅದ್ದುತ್ತ.