ಹಾಸಿಗೆಯ ಹಿಂದಿನ ಡಬ್ಬಿ

ಚಿಕ್ಕಪ್ಪನ ಶವ ಚಿತಾಗಾರದ ಹಾಲ್‌ಗೆ ಬಂದ ಹೊತ್ತಿನಲ್ಲಿ ಅಪ್ಪನ ಕೋಣೆಯ ಟಿವಿಯಲ್ಲಿ ಬಿಳಿ ವೃತ್ತವೊಂದು ಸುತ್ತುತ್ತಿತ್ತು.

ಅಲ್ಲಿನವರೇ ಕ್ಯಾಮೆರಾ ಇಟ್ಟು ದೂರದ ನೆಂಟರಿಗೆ ನೇರಪ್ರಸಾರ ತೋರಿಸುತ್ತಾರೆಂದು ಚಿಕ್ಕಪ್ಪನ ಮಗ ಬೆಳಿಗ್ಗೆಯೇ ಲಿಂಕ್ ಕಳಿಸಿದ್ದ. ಹೋಗಿಬರುವ ಮಾತು ಅಪ್ಪನ ಪಾಲಿಗೆ ಇರಲಿಲ್ಲ. ಮೂಗಿಗೆ ಆಮ್ಲಜನಕದ ನಳಿಗೆ, ಅದರ ಇನ್ನೊಂದು ತುದಿಗೆ ಮಂಚದ ಪಕ್ಕ ಗುರ್ರೆನ್ನುವ ಯಂತ್ರ. ನಳಿಗೆ ಎಷ್ಟು ಉದ್ದವೋ ಅಪ್ಪನ ಲೋಕವೂ ಅಷ್ಟೇ ಉದ್ದ. ಬಚ್ಚಲಿಗೆ ಮುಟ್ಟುತ್ತಿತ್ತು, ಹೊರಬಾಗಿಲಿಗೆ ಮುಟ್ಟುತ್ತಿರಲಿಲ್ಲ. ಆದರೂ ಮಗಳಿಂದ ಇಸ್ತ್ರಿ ಮಾಡಿಸಿಕೊಂಡ ಅಂಗಿ ತೊಟ್ಟು, ಗಡ್ಡ ಹೆರೆದುಕೊಂಡು, ಮಂಚದ ಅಂಚಿಗೆ ನೆಟ್ಟಗೆ ಕೂತಿದ್ದ.

“ಅವನ ಮುಖ ಮುಚ್ಚೋದ್ರೊಳಗೆ ಚಿತ್ರ ಬರುತ್ತಾ?” ಎಂದು ಕೇಳಿದ.

“ಬರುತ್ತೆ ಇರಪ್ಪ,” ಎಂದಳು ಮಗಳು.

ಅವಳ ಕೆಲಸವೇ ಅದು. ಇಂಟರ್ನೆಟ್ ಕಂಪನಿಯೊಂದರ ದೂರು ಕೇಳುವ ವಿಭಾಗದಲ್ಲಿದ್ದಳು. ಮುಂದಿನ ಕೋಣೆಯ ಮೇಜಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತು, ಆಫ್ ಮಾಡಿ, ಸ್ವಲ್ಪ ತಡೀರಿ, ಈಗ ಆನ್ ಮಾಡಿ ಎಂದು ದಿನವಿಡೀ ಹೇಳುವುದು. ಕೆಲವು ತಿಂಗಳಿಂದ ಅಪ್ಪನ ಟಿವಿ ನಿಂತು ನಿಂತು ಓಡುತ್ತಿತ್ತು. ಊರ ಮಂದಿಯ ಟಿವಿ ರಿಪೇರಿ ಮಾಡುವವಳು ಹೆತ್ತಪ್ಪನ ಟಿವಿಯ ಕಡೆ ತಿರುಗಿ ನೋಡಲ್ಲ ಎಂದು ಅವನು ಚುಚ್ಚುತ್ತಿದ್ದ. ಹಳೆ ಸಿನಿಮಾಗಳು ಹೇಗೋ ಕುಂಟಿಕೊಂಡು ಮುಗಿಯುತ್ತಿದ್ದರಿಂದ ಅವಳೂ ತಲೆಕೆಡಿಸಿಕೊಂಡಿರಲಿಲ್ಲ. ಆದರೆ ನೇರಪ್ರಸಾರ ಸಿನಿಮಾದ ಹಾಗೆ ಕಾಯುವುದಿಲ್ಲ. ನಿಂತಷ್ಟೂ ಹೊತ್ತು ಅಲ್ಲಿ ನಡೆದದ್ದು ನಡೆದೇ ಹೋಗುತ್ತದೆ.

ಅವಳು ಟಿವಿಯ ಪ್ಲಗ್ ಕಿತ್ತು ಹಾಕಿದಳು. ರೌಟರ್ ಆಫ್ ಮಾಡಿ ಆನ್ ಮಾಡಿದಳು. ಚಿತ್ರದ ಗುಣಮಟ್ಟ ತಗ್ಗಿಸಿದಳು. ತನ್ನ ಫೋನಿನ ವೈಫೈಯನ್ನೂ ಆರಿಸಿದಳು. ಆಫೀಸಿನ ಕಂಪ್ಯೂಟರ್ ಬೇರೆ ಸೈಟು ತೆರೆಯುತ್ತಿರಲಿಲ್ಲ. ಮೊಬೈಲ್ ನೆಟ್ ಅಡುಗೆಮನೆ ಕಿಟಕಿಯ ಹತ್ತಿರ ಮಾತ್ರ ಸಿಗುತ್ತಿತ್ತು, ಅಲ್ಲಿಗೆ ನಳಿಗೆ ಮುಟ್ಟುತ್ತಿರಲಿಲ್ಲ. ಒಮ್ಮೆ ಚಿತ್ರ ಬಂತು. ಸಾಲು ಕುರ್ಚಿಗಳು, ಬಿಳಿ ಹೂವು, ಪೆಟ್ಟಿಗೆಯ ಒಂದು ಮೂಲೆ, ಯಾರದೋ ಬೆನ್ನು. ಬೆನ್ನು ತಿರುಗುವಷ್ಟರಲ್ಲಿ ಮತ್ತೆ ವೃತ್ತ.

“ಅದು ಪುಟ್ಟನ ಹೆಂಡತಿ,” ಎಂದ ಅಪ್ಪ. ಸತ್ತವನಿಗೆ ಅರವತ್ತು ದಾಟಿದ್ದರೂ ಅಣ್ಣನ ಬಾಯಲ್ಲಿ ಅವನು ಪುಟ್ಟನೇ.

ರೌಟರಿನ ಪಕ್ಕ ವೇಗ ಚೆನ್ನಾಗಿಯೇ ಇತ್ತು. ಹಾಗಿದ್ದರೆ ತೊಂದರೆ ಲೈನಿನದಲ್ಲ, ಈ ಕೋಣೆಯದು. ಅವಳಿಗೆ ಬುದ್ಧಿ ಓಡಲಿಲ್ಲ. ತಂಡದಲ್ಲಿ ಎಲ್ಲರೂ ಮೇಷ್ಟ್ರು ಎಂದು ಕರೆಯುವ ಹಿರಿಯನಿಗೆ ಮುಂದಿನ ಕೋಣೆಗೆ ಹೋಗಿ ಫೋನ್ ಮಾಡಿದಳು. ವೈದ್ಯರೇ ಮದ್ದು ಕೇಳಿಕೊಂಡು ಬಂದರಲ್ಲ ಎಂದು ಅವನು ತಮಾಷೆ ಮಾಡಿದ. ವಿಷಯ ತಿಳಿದ ಮೇಲೆ ದನಿ ಇಳಿಸಿ, ಅವಳಿಗೆ ಬಾಯಿಪಾಠವಿದ್ದ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದ.

“ಟಿವಿ ಹತ್ರ ಕಾರ್ಡ್‌ಲೆಸ್ ಫೋನು, ಓವನ್ನು, ಬೇಬಿ ಮಾನಿಟರು, ವೈಫೈಗೆ ಅಡ್ಡ ಬರೋ ಅಂಥದ್ದೇನಾದ್ರೂ ಇದ್ಯಾ?”

“ಇಲ್ಲ,” ಎಂದಳು.

ಹೇಳಿದ ಮೇಲೆ ಅವಳಿಗೆ ನೆನಪಾಯಿತು.

ಇತ್ತು. ಅಪ್ಪ ಬಚ್ಚಲಲ್ಲಿ ಕುಸಿದು ಬಿದ್ದು, ಅವಳು ಹೆಡ್‌ಫೋನಿನಲ್ಲಿ ಇನ್ಯಾರಿಗೋ ಸಮಾಧಾನ ಹೇಳುತ್ತ ಅದನ್ನು ಕೇಳಿಸಿಕೊಳ್ಳದೇ ಹೋಗಿದ್ದ ದಿನದ ಮರುವಾರ ಅದನ್ನು ತಂದಿದ್ದಳು. ಕೂಸಿನ ತೊಟ್ಟಿಲ ಬಳಿ ಇಡುವಂಥದ್ದು, ಈ ಕೋಣೆಯ ಸದ್ದನ್ನು ಆ ಕೋಣೆಗೆ ಮುಟ್ಟಿಸುವ ಡಬ್ಬಿ. ತರುತ್ತೇನೆ ಎಂದಾಗಲೇ ಅಪ್ಪ, ತಾನೇನು ಕೈಗೂಸೇ ಎಂದು ಸಿಡುಕಿ ಬೇಡವೆಂದಿದ್ದ. ಆದ್ದರಿಂದ ಅವನು ಬಚ್ಚಲಿಗೆ ಹೋದಾಗ ಮಂಚದ ತಲೆಹಲಗೆಯ ಹಿಂದೆ ಸಿಕ್ಕಿಸಿದ್ದಳು. ಅಂದಿನಿಂದ ಅವಳ ಒಂದು ಕಿವಿಯಲ್ಲಿ ಗ್ರಾಹಕರು, ಇನ್ನೊಂದರಲ್ಲಿ ಅಪ್ಪನ ಉಸಿರು. ಅವಳ ಮಟ್ಟಿಗೆ ಅದು ಬರೀ ಒಂದು ಉಪಕರಣವಾಗಿ ಉಳಿದಿರಲಿಲ್ಲ, ಗುಟ್ಟಾಗಿತ್ತು. ಅಪ್ಪನ ಟಿವಿ ಕುಂಟತೊಡಗಿದ್ದು ಯಾವಾಗಿನಿಂದ ಎಂದು ಅವಳು ಒಮ್ಮೆಯೂ ತಾಳೆ ಹಾಕಿರಲಿಲ್ಲ.

ಉಸಿರಿನ ಜೊತೆಗೆ ಬೇರೆಯದೂ ಕೇಳಿಸಿತ್ತು. ಮಧ್ಯಾಹ್ನ ಮಗಳು ಕೆಲಸದಲ್ಲಿ ಮುಳುಗಿದ್ದಾಳೆಂದು ನಂಬಿ ಅಪ್ಪ ತಮ್ಮನ ಜೊತೆ ಮಾತಾಡುತ್ತಿದ್ದ, ಫೋನ್ ಹಚ್ಚದೆ. ಅಜ್ಜಿಯ ಕೊನೆಗಾಲದ ಜಗಳದಲ್ಲಿ, ತಮ್ಮನ ಹೆಂಡತಿ ಮಕ್ಕಳ ಎದುರಿಗೇ, ನೀನು ನನ್ನ ಪಾಲಿಗೆ ಸತ್ತೆ ಎಂದು ಅವನಿಗೆ ಅಂದುಬಿಟ್ಟಿದ್ದ ಅಪ್ಪ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಇತ್ತೀಚೆಗೆ, ಫೋನ್ ಮಾಡಿದರೆ ಏನನ್ನುವುದೆಂದು ಒಬ್ಬನೇ ಅಭ್ಯಾಸ ಮಾಡುತ್ತಿದ್ದ. “ಹಲೋ, ನಾನು ಕಣೋ.” ಬೇಡ. “ಪುಟ್ಟಾ, ಅಣ್ಣ ಮಾತಾಡ್ತಿರೋದು.” ಒಂದು ದಿನ ಅಭ್ಯಾಸದಲ್ಲೇ ತಮ್ಮನ ಉತ್ತರವನ್ನೂ ತಾನೇ ಊಹಿಸಿಕೊಂಡು, ಸಿಟ್ಟಾಗಿ, ಹೋಗಲೋ ಎಂದು ಬೈದು ಸುಮ್ಮನಾದ. ಅವಳಿಗೆ ನಗು ಬಂದಿತ್ತು. ಮರುದಿನ ಮತ್ತೆ ಮೊದಲಿನಿಂದ ಶುರು.

ಚಿಕ್ಕಪ್ಪನ ನಂಬರ್ ಅವಳ ಹತ್ತಿರವೂ ಇತ್ತು. ಅಪ್ಪ ಬಾಯಿಬಿಟ್ಟು ಕೇಳಲಿ ಎಂದು ಅವಳು ಕಾದಳು. ಚಿಕ್ಕಪ್ಪ ಕಾಯಲಿಲ್ಲ.

ಕೋಣೆಗೆ ಬಂದು, “ಸ್ವಲ್ಪ ಏಳಪ್ಪ, ಮಂಚ ಸರಿಸಬೇಕು,” ಎಂದಳು. ಬೇರೇನಾದರೂ ಹೇಳಿ ಡಬ್ಬಿಯನ್ನು ಸೆರಗಿನಲ್ಲಿ ಅಡಗಿಸಿಕೊಳ್ಳಬಹುದೇ ಎಂದು ಒಂದು ಕ್ಷಣ ಲೆಕ್ಕ ಹಾಕಿದ್ದೂ ನಿಜ. ಆದರೆ ಪ್ಲಗ್ ಗಟ್ಟಿಯಾಗಿ ಕೂತಿತ್ತು. ಎರಡೂ ಕೈಯಲ್ಲಿ ಎಳೆದಾಗ ಡಬ್ಬಿ ಕಿತ್ತುಕೊಂಡು ನೆಲಕ್ಕೆ ಬಿತ್ತು. ಅದರ ಮೇಲೆ ಹಳದಿ ಬಾತುಕೋಳಿಯ ಚಿತ್ರವಿತ್ತು.

ಅಪ್ಪ ಬಾತುಕೋಳಿಯನ್ನು ನೋಡಿದ. ಮಗಳನ್ನು ನೋಡಿದ. ಅಷ್ಟರಲ್ಲಿ ವೃತ್ತ ಮಾಯವಾಗಿ ಟಿವಿಯ ತುಂಬ ಚಿತಾಗಾರದ ಹಾಲ್ ಕಾಣಿಸಿತು. ಅವನು ಅತ್ತ ತಿರುಗಿದ.

ಪೆಟ್ಟಿಗೆ ಇನ್ನೂ ತೆರೆದೇ ಇತ್ತು. ಚಿಕ್ಕಪ್ಪನ ಕೆನ್ನೆ ಒಳಸೇರಿ, ಮೂಗು ಮಾತ್ರ ಎದ್ದು ಕಾಣುತ್ತಿತ್ತು. ಅಪ್ಪನದೇ ಮೂಗು. ಚಿಕ್ಕಮ್ಮ ಹಣೆಯ ಮೇಲೆ ಅಂಗೈ ಇಟ್ಟು ತೆಗೆದಳು. ಗ್ಲೌಸು ತೊಟ್ಟವನೊಬ್ಬ ಮುಚ್ಚಳ ಹಾಕಿದ. ಪೆಟ್ಟಿಗೆ ಹಳಿಯ ಮೇಲೆ ಸದ್ದಿಲ್ಲದೆ ಜಾರಿತು, ಕಬ್ಬಿಣದ ಬಾಗಿಲು ಇಳಿಯಿತು. ಎಲ್ಲೂ ನಿಲ್ಲದೆ, ತಡವರಿಸದೆ, ಅಷ್ಟೂ ಕಾಣಿಸಿತು. ಅಪ್ಪ ಅಳಲಿಲ್ಲ. ಜನ ಚದುರಿ ಕುರ್ಚಿಗಳಷ್ಟೇ ಉಳಿಯುವವರೆಗೆ ನೋಡಿ, ತಾನೇ ರಿಮೋಟ್ ಒತ್ತಿ ಆರಿಸಿದ.

“ಇದು ಯಾವಾಗಿಂದ ಇದೆ?”

“ನೀನು ಬಚ್ಚಲಲ್ಲಿ ಬಿದ್ಯಲ್ಲ, ಆಗಿಂದ.”

“ಎಲ್ಲ ಕೇಳ್ಸುತ್ತಾ?”

“ಕೇಳ್ಸುತ್ತೆ.”

“ಪುಟ್ಟನ ಹತ್ರ ಮಾತಾಡಿದ್ದು?”

ಅವಳು ಹೌದೆಂದು ತಲೆಯಾಡಿಸಿದಳು. ಯಂತ್ರ ಗುರ್ರೆನ್ನುತ್ತಿತ್ತು.

“ಒಂದ್ಸಲ ಫೋನ್ ಹಚ್ಚಿ ನನ್ನ ಕೈಗೆ ತುರುಕಿದ್ರೆ ಆಗ್ತಿತ್ತಲ್ಲೇ.”

“ಆಗ್ತಿತ್ತು. ಕದ್ದು ಕೇಳ್ತೀನಿ ಅಂತ ನಿಂಗೆ ಗೊತ್ತಾಗ್ಬಿಡ್ತಿತ್ತು. ಅದಕ್ಕೇ ಕೊಡ್ಲಿಲ್ಲ.”

ಅಪ್ಪ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಉಸಿರು ಎಳೆದುಕೊಂಡ.

“ಎಲ್ಲಾನೂ ನಿನ್ನ ತಲೆಗೆ ಕಟ್ಟಿ ನಾನು ಬಚಾವಾಗೋ ಹಾಗಿಲ್ಲ,” ಎಂದ. “ಫೋನು ನನ್ನ ದಿಂಬಿನ ಪಕ್ಕದಲ್ಲೇ ಬಿದ್ದಿತ್ತು.”

ಅವಳು ಮಂಚವನ್ನು ಗೋಡೆಗೆ ತಳ್ಳಿದಳು. ಡಬ್ಬಿಯನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

ಸಂಜೆ ಅಪ್ಪನೇ ಕರೆದ. ಚಿಕ್ಕಮ್ಮ ಈಗ ಮನೆ ಸೇರಿರುತ್ತಾಳೆ, ಹಚ್ಚಿಕೊಡು ಎಂದ. ಏನು ಹೇಳುತ್ತೀ ಎಂದು ಕೇಳಲು ಹೊರಟವಳು ಬಾಯಿ ಮುಚ್ಚಿಕೊಂಡಳು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಚಿಕ್ಕಮ್ಮನ ಒಡೆದ ದನಿ ಕೇಳಿಸಿದ ಕೂಡಲೇ ಫೋನನ್ನು ಅಪ್ಪನ ಕೈಗೆ ಕೊಟ್ಟಳು.

ಅವನು ಫೋನನ್ನು ಎದೆಗೊತ್ತಿ ಹಿಡಿದು, “ಬಾಗಿಲು ಹಾಕ್ಕೊಂಡು ಹೋಗು,” ಎಂದ.

ಬಾಗಿಲು ಎಳೆದುಕೊಂಡು, ಮುಂದಿನ ಕೋಣೆಯನ್ನೂ ದಾಟಿ ಅವಳು ಬೀದಿಗೆ ಬಂದಳು. ಅಲ್ಲಿಗೆ ಅಪ್ಪನ ದನಿ ಮುಟ್ಟುತ್ತಿರಲಿಲ್ಲ. ಒಳಗೆ ಅವನು ಮತ್ತೆ ಬಿದ್ದರೂ ತನಗೆ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂತು. ಆದರೂ ಅಲ್ಲೇ ನಿಂತಳು.