‘ಇಲ್ಲ’ ಎಂದು ಬರೆದ ದಿನಗಳು

ತಂಗಿ ಹೋದಳೆಂಬ ಸುದ್ದಿ ಬಂದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕುಳಿತು ಅಂಗಿಗೆ ತೋಳು ಕೂಡಿಸುತ್ತಿದ್ದಳು. ತಂಗಿಗೆ ಗ್ರಂಥಾಲಯದಲ್ಲಿ ಕೆಲಸ. ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳಲು ಕುಳಿತವಳು ಏಳಲಿಲ್ಲವಂತೆ, ಹೃದಯ ನಿಂತಿತ್ತು. ಅಕ್ಕ ಫೋನ್ ಕೆಳಗಿಟ್ಟು, ಅರ್ಧವಾಗಿದ್ದ ತೋಳನ್ನು ಮುಗಿಸಿಯೇ ಎದ್ದಳು. ಏಕೆಂದು ಅವಳಿಗೇ ತಿಳಿಯಲಿಲ್ಲ.

ಇಬ್ಬರದೇ ಮನೆ. ತಂಗಿಗೆ ಹದಿನೆಂಟನೆಯ ವಯಸ್ಸಿನಿಂದ ಅರೆತಲೆನೋವು. ಬಂತೆಂದರೆ ಕಿಟಕಿಗೆ ಕಂಬಳಿ ಕಟ್ಟಿ, ವಾಂತಿಗೆಂದು ಬಕೆಟ್ ಪಕ್ಕಕ್ಕಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಮಲಗುವಳು. ಅಕ್ಕನಿಗೆ ಅದು ನೆಪವೆಂದೇ ಅನುಮಾನ.

“ಕ್ಯಾಲೆಂಡರ್ ನೋಡ್ಕೊಂಡು ಬರುತ್ತಾ ನಿನ್ನ ತಲೆನೋವು? ಗುಂಡಿ ಹಾಕೋ ಕೆಲಸ ಇದ್ದ ದಿನವೇ ಬರುತ್ತೆ.”

“ಅದಕ್ಕೂ ನಿನ್ನ ಕಂಡ್ರೆ ಭಯ ಕಣಕ್ಕ, ಟೈಮಿಗೆ ಸರಿಯಾಗಿ ಬರುತ್ತೆ,” ಎನ್ನುವಳು ತಂಗಿ, ಕಣ್ಣು ತೆರೆಯದೆ.

ಹೋದ ವರ್ಷ ಆಸ್ಪತ್ರೆಯೊಂದರಲ್ಲಿ ಹೆಂಗಸರ ಅರೆತಲೆನೋವಿನ ಅಧ್ಯಯನ ಶುರುವಾಯಿತು. ನೋವು ಏರಿದ ಹೊತ್ತಿನಲ್ಲೇ, ಮಾತ್ರೆ ನುಂಗದೆ ಬಂದು ಸ್ಕ್ಯಾನ್ ಯಂತ್ರದೊಳಗೆ ಮಲಗಬೇಕು. ನೋವಿಲ್ಲದ ದಿನವೂ ಒಮ್ಮೆ ಮಲಗಬೇಕು. ತಂಗಿ ಹೆಸರು ಕೊಟ್ಟಳು. ನೋವಿನಲ್ಲಿ ಅವಳಿಗೆ ಬರೆಯಲಾಗದೆಂದು ಮನೆಯವರೊಬ್ಬರು ದಿನವೂ ಪುಸ್ತಕದಲ್ಲಿ ‘ಇದೆ’ ಅಥವಾ ‘ಇಲ್ಲ’ ಎಂದು ಬರೆಯಬೇಕಿತ್ತು. ಆ ಕೆಲಸ ಅಕ್ಕನ ಪಾಲಿಗೆ ಬಂತು. ತನಗೆ ನಂಬಿಕೆ ಬಾರದ ದಿನವೆಲ್ಲ ‘ಇಲ್ಲ’ ಎಂದು ಬರೆದಳು. ದೇವರು ಮೆಚ್ಚುವಂತೆ ನಿಜವನ್ನೇ ಬರೆದೆನೆಂದುಕೊಂಡಳು.

ತಂಗಿ ತೀರಿಕೊಂಡ ಮೇಲೆ ಅವಳ ನರಳಾಟವೇ ಅಕ್ಕನ ಕಿವಿಯಲ್ಲಿ ಉಳಿಯಿತು; ಮೂರನೆಯ ವಾರ ಆ ಪುಸ್ತಕ ಹಿಡಿದು ಆಸ್ಪತ್ರೆಗೆ, ಅಧ್ಯಯನ ನಡೆಸುತ್ತಿದ್ದ ಡಾಕ್ಟರಮ್ಮನ ಬಳಿಗೆ ಹೋದಳು.

“ಇದರಲ್ಲಿ ಸುಳ್ಳಿದೆ ಡಾಕ್ಟ್ರಮ್ಮ. ಎಷ್ಟೋ ದಿನ ಅವಳು ನರಳ್ತಿದ್ರೂ ಇಲ್ಲ ಅಂತ ಬರೆದೆ. ತಿದ್ದೋಕಾಗುತ್ತಾ?”

“ನೆನಪಿನಿಂದ ತಿದ್ದೋ ಹಾಗಿಲ್ಲಮ್ಮ. ಪುಸ್ತಕ ಬದಿಗಿಡ್ತೀವಿ. ಚಿತ್ರಗಳಂತೂ ಇವೆ.” ಡಾಕ್ಟರಮ್ಮ ಎರಡು ಚಿತ್ರ ತೋರಿಸಿದರು. “ಇದು ಚೆನ್ನಾಗಿದ್ದ ದಿನ, ಇದು ನೋವಿನ ದಿನ. ಮಿದುಳಿನ ಭಾಗಗಳು ಒಂದರ ಜೊತೆ ಒಂದು ಮಾತಾಡ್ತಿರ್ತವೆ ಅನ್ಕೊಳ್ಳಿ. ನೋವಲ್ಲಿ ಆ ಮಾತುಕತೆ ಬದಲಾಗುತ್ತಾ ಅಂತಲೇ ನಾವು ಹುಡುಕ್ತಿರೋದು. ಇವರ ಚಿತ್ರದಲ್ಲಿ ಬದಲಾಗಿದೆ. ಆದ್ರೆ ಒಬ್ಬರದ್ದು ನೋಡಿ ಏನೂ ತೀರ್ಮಾನಿಸೋಕಾಗಲ್ಲ, ಎಲ್ಲರದ್ದೂ ಸೇರಿಸಿ ನೋಡ್ಬೇಕು.”

ನೋವಿನ ಚಿತ್ರದ ಮೂಲೆಯ ತಾರೀಕು ಕಂಡು ಅಕ್ಕ ಪುಸ್ತಕ ತೆರೆದಳು. ಅಂದು ‘ಇಲ್ಲ’ ಎಂದಿತ್ತು. ಅಂದು ತಂಗಿ ಗೋಡೆ ಹಿಡಿದುಕೊಂಡು ಹೊರಟಾಗ, ಅಕ್ಕ ಎಲ್ಲಿಗೆಂದೂ ಕೇಳದೆ, “ತಿರುಗಾಟಕ್ಕೆ ಮಾತ್ರ ತಲೆ ಅಡ್ಡ ಬರಲ್ಲ” ಎಂದಿದ್ದಳು.

“ತಿಂಗಳ ಕೊನೆಗೆ ಪುಸ್ತಕ ನೋಡಿದಾಗ, ನೋವಿನ ದಿನ ‘ಇಲ್ಲ’ ಅಂತ ಯಾಕಿದೆ ಅಂತ ನಾವೂ ನಿಮ್ಮ ತಂಗೀನ ಕೇಳಿದ್ವಿ,” ಎಂದರು ಡಾಕ್ಟರಮ್ಮ. “‘ಅಕ್ಕನಿಗೆ ಹೊಲಿಗೆ ಜಾಸ್ತಿ, ಮರೆತಿರ್ತಾಳೆ. ಅವಳನ್ನ ಕೇಳೋಕೆ ಹೋಗ್ಬೇಡಿ’ ಅಂದ್ರು.”

ಅಕ್ಕ ಮನೆಗೆ ಬಂದು ಬೀಗ ತೆಗೆದಳು. ಸದ್ದು ಮಾಡಬೇಡವೆನ್ನುವವರು ಒಳಗೆ ಯಾರೂ ಇರಲಿಲ್ಲ. ಆದರೂ ಮೆಲ್ಲನೆ ನಡೆದಳು. ತಂಗಿಯ ಮಂಚದ ಬಳಿ ನೆಲದ ಮೇಲೆ ಕುಳಿತು ಕೈಮುಗಿದಳು.

“ದೇವರೇ, ನಾನು ಕಾಣದ ನೋವನ್ನು ನೀನು ಕಂಡಿದ್ದೀಯೆ. ನನ್ನ ತಪ್ಪು ನನಗಿರಲಿ. ಅವಳ ತಲೆಯ ಮೇಲೆ ನಿನ್ನ ಕೈಯಿಡು. ಎಲ್ಲಿದ್ದರೂ ಅವಳ ಆತ್ಮಕ್ಕೆ ಶಾಂತಿ ಸಿಗಲಿ.”